ನಿಮಗಿದು ಗೊತ್ತೆ? ಮದ್ದಿನ ಚೀಟಿಯ ಒಂದು ಸೊನ್ನೆ

ಜಯನಗರ 4ನೇ ಬ್ಲಾಕ್‌ನ ಮೆಡಿಕಲ್ ಶಾಪ್‌ಗೆ ನೀವು ಒಯ್ಯುವ ಡಾಕ್ಟರ ಚೀಟಿಗೂ ಕಾನೂನಿದೆ. ಔಷಧ ನಿಯಮಗಳು, 1945ರ 65ನೇ ನಿಯಮದಂತೆ ಅದರಲ್ಲಿ ವೈದ್ಯರ ಸಹಿ, ತಾರೀಕು, ರೋಗಿಯ ಹೆಸರು–ವಿಳಾಸ, ಔಷಧದ ಒಟ್ಟು ಪ್ರಮಾಣ ಮತ್ತು ಡೋಸ್ ಇರಲೇಬೇಕು. ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲಿ ತನ್ನ ನಿಯಮ ತಿದ್ದಿತು.

ಇದು ಬರಿಯ ಅಂದದ ಅಕ್ಷರದ ಮಾತಲ್ಲ. 1.0 ಎಂದು ಬರೆದಾಗ ಚುಕ್ಕಿ ಮಾಸಿದರೆ ಅದು 10 ಆಗುತ್ತದೆ. ಡೋಸ್ ಹತ್ತು ಪಟ್ಟು. ಆದ್ದರಿಂದ ಬರೀ 1 ಎಂದು ಬರೆಯುವುದೇ ಸರಿ. ಅರ್ಧಕ್ಕಾದರೆ .5 ಸಾಲದು, 0.5 ಎಂದೇ ಬರೆಯಬೇಕು. ಇನ್ಸುಲಿನ್‌ಗೆ ‘ಯೂನಿಟ್’ ಎಂದು ಪೂರ್ತಿ ಬರೆಯದೆ ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಗೀಚಿದರೆ, ಅದು ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗುವ ಅಪಾಯವಿದೆ. ಥೈರಾಯ್ಡ್ ಮಾತ್ರೆಯ ಲೆಕ್ಕ ಮೈಕ್ರೋಗ್ರಾಂನಲ್ಲಿ. ಮಿಲಿಗ್ರಾಂ ಎಂದರೆ ಅದರ ಸಾವಿರ ಪಟ್ಟು. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಸಾಮಾನ್ಯವಾಗಿ ವಾರಕ್ಕೊಮ್ಮೆ ಮಾತ್ರ. ಅದನ್ನು ದಿನಾ ನುಂಗಿದವರು ಪ್ರಾಣ ಕಳೆದುಕೊಂಡದ್ದುಂಟು. ವಾರದ ಯಾವ ದಿನ ಎಂಬುದನ್ನೂ ಬರೆಸಿಕೊಳ್ಳಿ.

2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ‘ಎಚ್1’ ಪಟ್ಟಿಯ ಔಷಧ ಕೊಟ್ಟರೆ, ಅಂಗಡಿಯವರು ವೈದ್ಯರ ಮತ್ತು ರೋಗಿಯ ವಿವರವನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಕೆಲವು ಪ್ರಬಲ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು ಈ ಪಟ್ಟಿಯಲ್ಲಿವೆ.

ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದಿದ್ದರು. ಔಷಧದ ಹೆಸರು ಹೇಗೇ ಇರಲಿ, ‘ಊಟದ ನಂತರ, ರಾತ್ರಿ ಒಂದು’ ಎಂಬ ಸೂಚನೆಯಾದರೂ ಕನ್ನಡದಲ್ಲಿದ್ದರೆ ಮನೆಯ ಹಿರಿಯರು ತಾವೇ ಓದಿಕೊಳ್ಳಬಹುದು.