ಪೆಡಲ್ ಚುರುಕಾದ್ರೆ ಕಾರು ಚುರುಕಾಗುತ್ತಾ?

ಹೋದ ಸೆಮಿಸ್ಟರ್ ರಜೆಗೆ ಕೊಳ್ಳೇಗಾಲಕ್ಕೆ ಹೋಗಿದ್ದೆ. ನಮ್ಮ ಸೋದರಮಾವನದ್ದು ಹಳೇ ಬಿಎಸ್4 ಟರ್ಬೊ ಡೀಸೆಲ್ ಕಾರು. "ಸೋಮಾರಿ ಕಾರು ಕಣೋ, ಒತ್ತಿದ್ರೂ ಏಳಲ್ಲ" ಅಂತ ಅವರ ಗೋಳು. ಯಾರೋ ಹೇಳಿದ್ರು ಅಂತ ಒಂದು ಕಡೆ ಇಸಿಯು ರೀಮ್ಯಾಪ್ ಮಾಡಿಸಿಕೊಂಡು ಬಂದ್ರು. ಯಳಂದೂರು ರೋಡಲ್ಲಿ ಓಡಿಸಿ ನೋಡಿದ್ವಿ. ಕಾಲು ಇಟ್ಟರೆ ಸಾಕು, ಕಾರು ನುಗ್ಗುತ್ತಿತ್ತು. ಮಾವ ಫುಲ್ ಖುಷ್.

ಎರಡು ದಿನ ಬಿಟ್ಟು ಅಜ್ಜಿಯನ್ನ ಕೂರಿಸಿಕೊಂಡು ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟೆವು. ತಾಳಬೆಟ್ಟ ದಾಟಿದ ಮೇಲೆ ತಿರುವುಗಳು ಶುರು. ರಸ್ತೆ ಬದಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗೋ ಜನ. ಒಂದು ತಿರುವಲ್ಲಿ ಕಾರು ಮೊದಲು ಸುಮ್ಮನಿತ್ತು, ಮಾವ ಇನ್ನೊಂದು ಚೂರು ಒತ್ತಿದರು, ತಕ್ಷಣ ಮುಂದಕ್ಕೆ ಎಗರಿತು. ಮುಂದೆ ನಡೀತಿದ್ದ ಒಬ್ಬರು ಬದಿಗೆ ಹಾರಿದರು. ಯಾರಿಗೂ ಏನೂ ಆಗಲಿಲ್ಲ. ಅಜ್ಜಿ ಮಾತ್ರ ಹಿಂದಿನಿಂದ, "ಇದೇನ್ಲಾ, ಕುದ್ರೆ ಕುಣ್ದಂಗೆ ಕುಣೀತದೆ! ನಿಧಾನಕ್ಕೆ ಬುಡ್ಲಾ" ಅಂದರು.

ಆ ಎಗರಾಟ ಯಾಕೆ ಬಂತು ಅಂತ ಹುಡುಕಿದಾಗ ಗೊತ್ತಾದದ್ದನ್ನ ಇಲ್ಲಿ ಬರೀತಿದ್ದೀನಿ.

ಹಳೇ ಪೆಟ್ರೋಲ್ ಕಾರುಗಳಲ್ಲಿ ಪೆಡಲ್‌ಗೂ ಥ್ರಾಟಲ್‌ಗೂ ನಡುವೆ ಒಂದು ಕೇಬಲ್ ಇರುತ್ತಿತ್ತು. ನೀವು ಎಷ್ಟು ಒತ್ತಿದಿರೋ ಅಷ್ಟು ಬಾಗಿಲು ತೆರೆಯುತ್ತಿತ್ತು. ಈಗ ಕೇಬಲ್ ಇಲ್ಲ. ಪೆಡಲ್‌ನಲ್ಲಿ ಎರಡು ಸೆನ್ಸರ್ ಇವೆ. ಎರಡೂ ಹೇಳೋದು ತಾಳೆ ಆದರೆ ಮಾತ್ರ ಇಸಿಯು ನಂಬುತ್ತೆ. ಪೆಡಲ್ ಒಂದು ಅರ್ಜಿ ಇದ್ದ ಹಾಗೆ: "ಇಷ್ಟು ಟಾರ್ಕ್ ಬೇಕು". ಅರ್ಜಿ ಎಷ್ಟರದ್ದು ಅನ್ನೋದನ್ನ ಇಸಿಯು ಒಂದು ಟೇಬಲ್ ನೋಡಿ ತೀರ್ಮಾನ ಮಾಡುತ್ತೆ. ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಪೆಡಲ್ ಶೇಕಡಾ, ಒಳಗೆ ಟಾರ್ಕ್. ಇದನ್ನೇ ಪೆಡಲ್ ಮ್ಯಾಪ್ ಅಂತಾರೆ. ಆಮೇಲೆ ಆ ಟಾರ್ಕ್ ಕೊಡೋಕೆ ಪೆಟ್ರೋಲ್ ಎಂಜಿನ್‌ನಲ್ಲಿ ಒಂದು ಪುಟ್ಟ ಮೋಟರ್ ಥ್ರಾಟಲ್ ತೆರೆಯುತ್ತೆ. ಡೀಸೆಲ್‌ನಲ್ಲಿ ಇಂಜೆಕ್ಟರ್ ಬಿಡೋ ಇಂಧನ ಹೆಚ್ಚಾಗುತ್ತೆ.

ಟ್ಯೂನಿಂಗ್ ಮಾಡೋರು ಇಸಿಯು ಒಳಗಿನ ಫೈಲನ್ನ ಓದಿ, ವಿನ್‌ಓಎಲ್‌ಎಸ್ ಥರದ ಸಾಫ್ಟ್‌ವೇರ್‌ನಲ್ಲಿ ತೆರೆದು, ಈ ಟೇಬಲ್‌ನ ಸಂಖ್ಯೆಗಳನ್ನ ಬದಲಾಯಿಸಿ, ಚೆಕ್‌ಸಮ್ ಸರಿ ಮಾಡಿ ವಾಪಸ್ ಬರೀತಾರೆ.

ಒಂದು ಸುಲಭ ಲೆಕ್ಕ ಹಾಕೋಣ. ಮೊದಲು 20% ಪೆಡಲ್‌ಗೆ 20% ಟಾರ್ಕ್ ಕೇಳ್ತಿತ್ತು ಅಂದ್ಕೊಳ್ಳಿ. ಟ್ಯೂನ್ ಆದ ಮೇಲೆ ಅದೇ 20%ಗೆ 40% ಕೇಳುತ್ತೆ. ಆದ್ರೆ 100%ಗೆ ಮೊದಲೂ 100, ಈಗಲೂ 100. ಅಂದ್ರೆ ಪೂರ್ತಿ ಒತ್ತಿದಾಗ ಕಾರಿನ ಶಕ್ತಿ ಒಂದು ಚೂರೂ ಹೆಚ್ಚಾಗಿಲ್ಲ. ಮೇಲಿನ ಅರ್ಧ ಪೆಡಲ್‌ನಲ್ಲಿ ಇದ್ದದ್ದನ್ನ ಕೆಳಗಿನ ಅರ್ಧಕ್ಕೆ ತಳ್ಳಿದ್ದಾರೆ ಅಷ್ಟೆ. ಇದಕ್ಕೆ ಬೆಲೆಯೂ ಇದೆ. ಗುಂಡಿಯಲ್ಲಿ ಕುಲುಕಿ ಕಾಲು 5% ಅಲ್ಲಾಡಿದ್ರೆ ಮೊದಲು ಟಾರ್ಕ್ 5% ಬದಲಾಗ್ತಿತ್ತು, ಈಗ 10% ಬದಲಾಗುತ್ತೆ. ಹೈವೇಯಲ್ಲಿ ಇದು ಮಜಾ. ಜನರ ಹಿಂದೆ ಮೊದಲ ಗೇರಲ್ಲಿ ತೆವಳುವಾಗ ಅಲ್ಲ.

ಬೆಟ್ಟದಲ್ಲಿ ಆದದ್ದಕ್ಕೆ ಇನ್ನೊಂದು ಕಾರಣ ಸೇರಿತ್ತು: ಟರ್ಬೊ. ತಿರುವಲ್ಲಿ ಆರ್‌ಪಿಎಂ ಕಡಿಮೆ, ಟರ್ಬೊ ತಿರುಗೋಕೆ ಬೇಕಾದಷ್ಟು ಎಕ್ಸಾಸ್ಟ್ ಇರಲ್ಲ. ಗಾಳಿ ಇಲ್ಲದೆ ಡೀಸೆಲ್ ಜಾಸ್ತಿ ಸುರಿದ್ರೆ ಕರೀ ಹೊಗೆ ಬರುತ್ತೆ. ಹಾಗಾಗಿ ಗಾಳಿ ಎಷ್ಟಿದೆಯೋ ಅಷ್ಟಕ್ಕೇ ಇಂಧನವನ್ನ ಇಸಿಯು ತಡೆದು ಹಿಡಿಯುತ್ತೆ. ಪೆಡಲ್ 40% ಕೇಳಿದ್ರೂ ಸಿಗೋದು ಕಡಿಮೆಯೇ. ಮಾವ "ಏಳ್ತಿಲ್ಲ" ಅಂತ ಇನ್ನೂ ಒತ್ತಿದರು. ಆಮೇಲೆ ಬೂಸ್ಟ್ ಬಂತು, ಕೇಳಿದ್ದೆಲ್ಲ ಒಟ್ಟಿಗೆ ಸಿಕ್ತು. ಕುದುರೆ ಕುಣಿದದ್ದು ಆಗ.

ಇಂಥ ಜರ್ಕ್ ತಡೆಯೋಕೇ ಕಂಪನಿಯವರು ಟಾರ್ಕ್ ನಿಧಾನವಾಗಿ ಏರೋ ಹಾಗೆ ಒಂದು ಫಿಲ್ಟರ್ ಇಟ್ಟಿರ್ತಾರೆ. ನಮಗೆ ಅದೇ ಸೋಮಾರಿತನ ಅನ್ಸುತ್ತೆ. ಕೆಲವು ಟ್ಯೂನ್‌ಗಳಲ್ಲಿ ಅದನ್ನೂ ತೆಗೀತಾರೆ. ಇನ್ನೊಂದು ಪದರ ಇದೆ, ಅದನ್ನ ಮುಟ್ಟಲೇಬಾರದು. ಪೆಡಲ್ ನೋಡಿ "ಹೆಚ್ಚೆಂದ್ರೆ ಇಷ್ಟು ಟಾರ್ಕ್ ಬರಬಹುದು" ಅಂತ ಇಸಿಯು ಬೇರೆಯಾಗಿ ಇನ್ನೊಂದು ಲೆಕ್ಕ ಹಾಕ್ತಾ ಇರುತ್ತೆ. ಅದಕ್ಕಿಂತ ಜಾಸ್ತಿ ಬಂದ್ರೆ ಎಂಜಿನ್ ಶಕ್ತಿ ಕಡಿಮೆ ಮಾಡಿ ಲಿಂಪ್ ಮೋಡ್‌ಗೆ ಹೋಗುತ್ತೆ. ಲಿಂಪ್ ಮೋಡ್ ಬರ್ತಿದೆ ಅಂತ ಈ ಮಿತಿಯನ್ನೇ ಎತ್ತಿಬಿಟ್ರೆ, ನಾಳೆ ನಿಜವಾಗ್ಲೂ ತೊಂದರೆ ಆದಾಗ ಕಾಯೋರು ಯಾರೂ ಇರಲ್ಲ.

ವಾಪಸ್ ಬಂದ ಮೇಲೆ ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್ ಹಾಕಿ ಮೊಬೈಲಲ್ಲಿ ಮೂರು ಸಂಖ್ಯೆ ಲಾಗ್ ಮಾಡಿದೆ: ಪೆಡಲ್ ಶೇಕಡಾ, ಆರ್‌ಪಿಎಂ, ಇನ್‌ಟೇಕ್ ಒತ್ತಡ. ಗ್ರಾಫ್ ನೋಡಿದ್ರೆ ವಿಷಯ ಸ್ಪಷ್ಟ. ಪೆಡಲ್ ಗೆರೆ ತಕ್ಷಣ ಏರುತ್ತೆ, ಒತ್ತಡದ ಗೆರೆ ಹಿಂದೆ ಉಳಿಯುತ್ತೆ. ತಡ ಇದ್ದದ್ದು ಟರ್ಬೊದಲ್ಲಿ. ನಾವು ದುಡ್ಡು ಕೊಟ್ಟು ಬದಲಾಯಿಸಿದ್ದು ಪೆಡಲನ್ನ.

ಆ ಗ್ರಾಫ್ ತಗೊಂಡು ಟ್ಯೂನ್ ಮಾಡಿದವರ ಹತ್ರವೇ ಹೋದ್ವಿ. ಅವರು ನೋಡಿ ಒಪ್ಪಿಕೊಂಡು, ಕಡಿಮೆ ಆರ್‌ಪಿಎಂನಲ್ಲಿ ಪೆಡಲ್‌ನ ಮೊದಲ ಕಾಲು ಭಾಗ ಮತ್ತೆ ಮೊದಲಿನ ಹಾಗೇ ಮಾಡಿದರು. ಫಿಲ್ಟರ್ ಕೂಡ ವಾಪಸ್ ಹಾಕಿದರು. ನಡುವಿನ ಭಾಗ ಮಾತ್ರ ಸ್ವಲ್ಪ ಚುರುಕಾಗಿ ಉಳೀತು. ಮಾವ ಕಲಿತದ್ದು ಇನ್ನೊಂದು: ತಿರುವಿಗೆ ಮುಂಚೆಯೇ ಒಂದು ಗೇರ್ ಇಳಿಸೋದು. ಆರ್‌ಪಿಎಂ ಮೇಲೆ ಇದ್ರೆ ಟರ್ಬೊ ಬೇಗ ಏಳುತ್ತೆ. ಇದಕ್ಕೆ ಸಾಫ್ಟ್‌ವೇರ್ ಬೇಡ, ದುಡ್ಡೂ ಬೇಡ. ಆಮೇಲೆ ಯಳಂದೂರಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗ ಅಜ್ಜಿ ಏನೂ ಅನ್ನಲಿಲ್ಲ.

ಇದು ಕಾರಿನ ಕಥೆ ಮಾತ್ರ ಅಲ್ಲ. ಕೆಟಿಎಂ 390 ಡ್ಯೂಕ್‌ಗೆ 2017ರಲ್ಲೇ ರೈಡ್ ಬೈ ವೈರ್ ಬಂತು. ನಮ್ಮ ಪಾರ್ಕಿಂಗ್‌ನಲ್ಲಿ ನಿಂತಿರೋ ಎಷ್ಟೋ ಬೈಕ್‌ಗಳ ರೈಡ್ ಮೋಡ್ ಅಂದ್ರೂ ಬಹುಪಾಲು ಇಂಥದ್ದೇ ಬೇರೆ ಬೇರೆ ಟೇಬಲ್‌ಗಳು. ಟ್ಯೂನ್ ಮಾಡಿಸಬೇಡಿ ಅಂತ ನಾನು ಹೇಳ್ತಿಲ್ಲ. ಮೊದಲು ಲಾಗ್ ಮಾಡಿ, ತಡ ಎಲ್ಲಿದೆ ಅಂತ ನೋಡಿ. ಒರಿಜಿನಲ್ ಫೈಲ್‌ನ ಕಾಪಿ ಇಸ್ಕೊಳ್ಳಿ. ಮಾಡಿಸಿದ ಮೇಲೆ ಖಾಲಿ ರೋಡಲ್ಲಿ ಅಲ್ಲ, ನಿಮ್ಮೂರ ಸಂತೆ ದಿನದ ರಸ್ತೆಯ ವೇಗದಲ್ಲಿ ಓಡಿಸಿ ನೋಡಿ, ಆಮೇಲೆ ಖುಷಿ ಪಡಿ.