ಡೈನೋಸಾರ್ ಚಿತ್ರವೂ ನಮ್ಮ ಚಿಕ್ಕ ಮಕ್ಕಳೂ



೨೦೨೫ರ ಜುಲೈ ತಿಂಗಳಲ್ಲಿ ನಾವು ಮೂವರು ಶಿಕ್ಷಕರು ಎರಡನೆಯ ಹಾಗೂ ಮೂರನೆಯ ಇಯತ್ತೆಯ ಮಕ್ಕಳನ್ನು ಕರೆದುಕೊಂಡು ‘ಜುರಾಸಿಕ್ ವರ್ಲ್ಡ್ ರೀಬರ್ತ್’ ಎಂಬ ಚಲಚ್ಚಿತ್ರವನ್ನು ಹಿಂದಿಯಲ್ಲಿ ತೋರಿಸಿಕೊಂಡು ಬಂದುದು ನಿಮಗೆಲ್ಲ ತಿಳಿದ ಸಂಗತಿಯೇ. ಮರುದಿನ ಶಾಲೆಯ ಅಂಗಳದಲ್ಲೆಲ್ಲ ಗರ್ಜನೆಯ ಅನುಕರಣೆಯೇ ಕೇಳಿಬಂದಿತು. ಆದರೆ ಒಬ್ಬ ಬಾಲಕನು ಮಾತ್ರ ಶಾಲೆಗೆ ಬರಲಿಲ್ಲ. ಅವನಿಂದಾಗಿಯೇ ಈ ಲೇಖನವನ್ನು ಬರೆಯಬೇಕೆಂದು ನಮಗೆ ತೋರಿತು.

ಆ ಚಿತ್ರದಲ್ಲಿ ಒಂದು ದೃಶ್ಯವುಂಟು. ನದಿಯ ದಡದಲ್ಲಿ ಟೈರನೊಸಾರಸ್ ಎಂಬ ಭೀಕರ ಪ್ರಾಣಿಯು ಮಲಗಿ ನಿದ್ರಿಸುತ್ತಿರುತ್ತದೆ. ಒಂದು ಕುಟುಂಬದವರು ಗಾಳಿ ತುಂಬಿದ ದೋಣಿಯನ್ನು ಸದ್ದಿಲ್ಲದೆ ನೀರಿಗಿಳಿಸಿ ಹೊರಡುತ್ತಾರೆ. ಪ್ರಾಣಿಯು ಎಚ್ಚೆತ್ತು ನೀರಿಗೇ ಧುಮುಕಿ ಅವರನ್ನು ಬೆನ್ನಟ್ಟುತ್ತದೆ. ನಮ್ಮ ಪಕ್ಕದಲ್ಲಿ ಕುಳಿತಿದ್ದ ಆ ಎರಡನೆಯ ಇಯತ್ತೆಯ ಬಾಲಕನು ಮೊದಲು ನಮ್ಮ ಕೈ ಹಿಡಿದನು. ಬಳಿಕ ಮುಖ ಮುಚ್ಚಿಕೊಂಡನು. ಕಡೆಗೆ ಬಿಕ್ಕಿ ಬಿಕ್ಕಿ ಅತ್ತನು. ಹೊರಗೆ ಕರೆದೊಯ್ದು ಪಾಪ್‌ಕಾರ್ನ್ ಕೊಡಿಸಿದೆವು. ಅವನು ಅದನ್ನು ಮುಟ್ಟಲಿಲ್ಲ.

ಮುಂಬಯಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಅವನಿರುವ ಚಾಳಿನ ಗಲ್ಲಿಯಲ್ಲಿ ಆ ವಾರ ಮೊಣಕಾಲುದ್ದ ನೀರು ನಿಂತಿತ್ತು. ನಾಲ್ಕು ದಿನ ಹುಡುಗನು ಹೊಸ್ತಿಲು ದಾಟಲಿಲ್ಲ. “ನೀರಿಗೆ ಕಾಲ ಇಡವಲ್ಲ ನೋಡ್ರಿ ಸರ್” ಎಂದು ತಾಯಿ ಬಂದು ಹೇಳಿದಾಗ ನಾವು ಅವನ ಮನೆಗೆ ಹೋದೆವು. ಅವನು ಕೇಳಿದ ಮೊದಲ ಪ್ರಶ್ನೆ ಇದು: “ಸರ್, ಅದು ನೀರಾಗೂ ಈಸತೈತಲ್ರಿ, ನಮ್ಮ ಗಲ್ಲಿಯಾಗ ಬರ್ತೈತೇನ್ರಿ?” ಈ ಮಾತು ಶಾಲೆಯಲ್ಲಿ ಹರಡಿದಾಗ ಮೇಲಿನ ತರಗತಿಯ ಕೆಲವರು ನಕ್ಕಿರಿ. ನಕ್ಕವರಿಗೆ ನಮ್ಮದೊಂದು ಪ್ರಶ್ನೆ: ನೀವಾಗಿದ್ದರೆ ಅವನಿಗೆ ಏನೆಂದು ಉತ್ತರ ಕೊಡುತ್ತಿದ್ದಿರಿ?

ನಾವು “ಅದೆಲ್ಲ ಸುಳ್ಳಪ್ಪ” ಎಂದೆವು. ಅವನು ಕೂಡಲೇ, “ಡೈನೋಸಾರ್ ಖರೇನ ಇದ್ದುವು ಅಂತ ನೀವ ಹೇಳಿದ್ರಲ್ರಿ” ಎಂದನು. ಹೌದು, ಚಿತ್ರಕ್ಕೆ ಹೋಗುವ ಮುನ್ನ ವರ್ಗದಲ್ಲಿ ಹಾಗೆ ಹೇಳಿದವರು ನಾವೇ. ಏಳು ವರ್ಷದ ಬಾಲಕನ ತರ್ಕದ ಮುಂದೆ ನಾವು ಸೋತೆವು. ಪೂರ್ತಿ ಸುಳ್ಳೆನ್ನುವಂತಿಲ್ಲ, ಪೂರ್ತಿ ನಿಜವೆನ್ನುವಂತೆಯೂ ಇಲ್ಲ. ಎರಡನ್ನೂ ಬಿಡಿಸಿ ಹೇಳಬೇಕು.

ಟೈರನೊಸಾರಸ್ ನಿಜವಾಗಿಯೂ ಇತ್ತು. ಸುಮಾರು ಹನ್ನೆರಡು ಮೀಟರ್ ಉದ್ದವೂ ಇತ್ತು. ಆದರೆ ಅದು ಬಾಳಿದ್ದು ಉತ್ತರ ಅಮೆರಿಕದಲ್ಲಿ. ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆಯೇ ಅದು ಅಳಿದುಹೋಯಿತು. ನಮ್ಮಂಥ ಮನುಷ್ಯರು ಹುಟ್ಟಿ ಸುಮಾರು ಮೂರು ಲಕ್ಷ ವರ್ಷಗಳಷ್ಟೇ ಆಗಿವೆ. ಆದುದರಿಂದ ಅದು ಯಾವ ಮನುಷ್ಯನನ್ನೂ ಎಂದೂ ಅಟ್ಟಿಸಿಕೊಂಡು ಹೋದುದಿಲ್ಲ. ಚಿತ್ರದ ಹೆಸರಿನಲ್ಲಿರುವ ಜುರಾಸಿಕ್ ಯುಗದಲ್ಲಿ ಅದು ಇರಲೇ ಇಲ್ಲ. ಆ ಯುಗವು ಮುಗಿದು ಏಳು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಅದು ಬಂದಿತು. ಇನ್ನು ಕಥೆಯಲ್ಲಿ ಅವರು ಹುಡುಕಿಕೊಂಡು ಹೋಗುವ ಮೂರು ದೈತ್ಯ ಪ್ರಾಣಿಗಳಲ್ಲಿ ಮೊಸಾಸಾರಸ್ ಸಮುದ್ರದ ಸರೀಸೃಪ, ಕ್ವೆಟ್ಜಾಲ್‌ಕೋಟ್ಲಸ್ ಹಾರುವ ಸರೀಸೃಪ. ಟೈಟನೊಸಾರಸ್ ಒಂದೇ ಡೈನೋಸಾರ್.

ಈ ಟೈಟನೊಸಾರಸ್ ಎಂಬ ಹೆಸರು ನಮ್ಮ ನೆಲದ ಮೂಳೆಗಳಿಂದಲೇ ಬಂದುದೆಂಬುದನ್ನು ನೀವು ತಿಳಿದಿರಬೇಕು. ೧೮೨೮ರಲ್ಲಿ ಸ್ಲೀಮನ್ ಎಂಬ ಸೈನ್ಯಾಧಿಕಾರಿಗೆ ಜಬಲ್‌ಪುರದ ಗುಡ್ಡವೊಂದರಲ್ಲಿ ಕಲ್ಲಾದ ಮೂಳೆಗಳು ದೊರೆತವು. ೧೮೭೭ರಲ್ಲಿ ಲೈಡೆಕ್ಕರ್ ಎಂಬ ವಿಜ್ಞಾನಿ ಆ ಪ್ರಾಣಿಗೆ ‘ಟೈಟನೊಸಾರಸ್ ಇಂಡಿಕಸ್’ ಎಂದು ಹೆಸರಿಟ್ಟನು. ಡೈನೋಸಾರ್‌ಗಳ ಕೊನೆಗಾಲದಲ್ಲಿಯೇ ದಖ್ಖನಿನ ನೆಲ ಬಿರಿದು ಲಾವಾರಸವು ಪದರ ಪದರವಾಗಿ ಹರಿದು ಹೆಪ್ಪುಗಟ್ಟಿತು. ನೀವು ರಜೆಗೆ ಊರಿಗೆ ಹೋಗುವಾಗ ಖಂಡಾಲೆಯ ಘಾಟಿನಲ್ಲಿ ರೈಲಿನ ಕಿಟಕಿಯಿಂದ ಕಾಣುವ ಕರಿಯ ಬಂಡೆ ಅದೇ. ವಿಜಯಪುರದ ಗೋಲಗುಂಬಜದ ಕರಿಗಲ್ಲೂ ಅದೇ. ಅದೇ ಸುಮಾರಿಗೆ ಮೆಕ್ಸಿಕೋ ದೇಶದ ಕರಾವಳಿಯಲ್ಲಿ ಆಕಾಶದಿಂದ ಒಂದು ದೊಡ್ಡ ಬಂಡೆ ಬಂದಪ್ಪಳಿಸಿ ಆ ಪ್ರಾಣಿಗಳ ವಂಶ ಬಹುಮಟ್ಟಿಗೆ ನಾಶವಾಯಿತು.

ಇನ್ನು ಸುಳ್ಳಿನ ಭಾಗ. ಈ ಸಾಲಿನ ಮೊದಲ ಚಿತ್ರ ‘ಜುರಾಸಿಕ್ ಪಾರ್ಕ್’ ೧೯೯೩ರಲ್ಲಿ ಬಂದಿತು. ಎರಡು ಗಂಟೆಗೂ ಮಿಕ್ಕಿದ ಆ ಚಿತ್ರದಲ್ಲಿ ಡೈನೋಸಾರ್‌ಗಳು ಕಣ್ಣಿಗೆ ಬೀಳುವುದು ಸುಮಾರು ಕಾಲು ಗಂಟೆ ಮಾತ್ರ. ಉಳಿದುದೆಲ್ಲ ಕತ್ತಲೆ, ಮಳೆ, ಸದ್ದು ಮತ್ತು ನಮ್ಮದೇ ಕಲ್ಪನೆ. ಅದರ ಟೈರನೊಸಾರಸ್ಸಿನ ಗರ್ಜನೆಯನ್ನು ಆನೆಮರಿ, ಹುಲಿ, ಮೊಸಳೆಗಳ ಕೂಗನ್ನು ಬೆರೆಸಿ ಕಟ್ಟಿದರು. ಅದು ನಡೆದು ಬರುವಾಗ ಲೋಟದ ನೀರಿನಲ್ಲಿ ಏಳುವ ಅಲೆಗಳಿಗೆ ಕಾರಣವಾದುದು ಕೆಳಗೆ ಬಿಗಿದು ಮೀಟಿದ ಗಿಟಾರಿನ ತಂತಿ. ಕೆಲವು ದೃಶ್ಯಗಳಿಗೆ ಯಂತ್ರದ ಬೊಂಬೆಯನ್ನೇ ಮಾಡಿ ನಿಲ್ಲಿಸಿದ್ದರು. ಮಳೆಯ ದೃಶ್ಯದಲ್ಲಿ ಅದರ ಮೆತ್ತನೆಯ ಚರ್ಮವು ನೀರು ಹೀರಿ ಭಾರವಾಗಿ, ಪಾಪ, ಅದೇ ಗಡಗಡ ನಡುಗಿತಂತೆ!

ಇಷ್ಟು ತಿಳಿದರೆ ನಿಮ್ಮ ಭಯ ಇಳಿಯಬಹುದು. ಏಳು ವರ್ಷದವನದು ಇಳಿಯಲಾರದು. ಎಳೆಯ ಮಗುವಿಗೆ ಕಂಡದ್ದೇ ನಿಜ. “ಅದು ಬರೀ ಚಿತ್ರ” ಎಂದು ನೂರು ಸಲ ಹೇಳುವುದಕ್ಕಿಂತ ಹತ್ತಿರ ಕುಳಿತು ಕೈ ಹಿಡಿಯುವುದರಿಂದ ಹೆಚ್ಚು ಫಲ ಸಿಗುತ್ತದೆ. ಸರಕಾರವು ೨೦೨೪ರ ನಿಯಮಗಳಲ್ಲಿ ಯುಎ ಪ್ರಮಾಣಪತ್ರವನ್ನು ೭, ೧೩, ೧೬ ವರ್ಷಗಳೆಂದು ವಿಂಗಡಿಸಿರುವುದೂ ಈ ವ್ಯತ್ಯಾಸವನ್ನು ಅರಿತೇ. ನಾವು ಆ ಅಂಕಿಯನ್ನು ನೋಡುವ ಗೋಜಿಗೇ ಹೋಗದೆ ಟಿಕೇಟು ಕೊಂಡೆವು. ಆ ತಪ್ಪು ನಮ್ಮದು, ಹುಡುಗನದಲ್ಲ. ನೀವು ತಮ್ಮ ತಂಗಿಯರನ್ನು ಕರೆದೊಯ್ಯುವಾಗ ಮೊದಲು ಅದನ್ನು ನೋಡಿರಿ. ಕಥೆಯನ್ನೂ ಮುಂಚೆಯೇ ಹೇಳಿರಿ. ಎದ್ದು ಹೊರಬರಲು ಅನುಕೂಲವಾದ ಕಡೆ ಕುಳಿತುಕೊಳ್ಳಿರಿ. ಅತ್ತರೆ ನಗಬೇಡಿರಿ.

ಆ ಬಾಲಕನಿಗೆ ನಾವು ಆನೆಮರಿಯ ಕಥೆ ಹೇಳಿ, ಖಾಲಿ ಕೊಡದೊಳಗೆ ಬಾಯಿಟ್ಟು ಕೂಗಲು ಹೇಳಿದೆವು. ತನ್ನ ಕಂಠವೇ ಗುಡುಗಿದ್ದನ್ನು ಕೇಳಿ ಅವನು ಬೆಚ್ಚಿದನು, ಆಮೇಲೆ ಮತ್ತೆ ಮತ್ತೆ ಕೂಗಿದನು. ಅಜ್ಜಿ ಕಿವಿ ಮುಚ್ಚಿಕೊಂಡರು. ಡೈನೋಸಾರ್‌ಗಳ ವಂಶದಲ್ಲಿ ಇಂದಿಗೂ ಉಳಿದಿರುವುವು ಹಕ್ಕಿಗಳು ಮಾತ್ರವೆಂದೂ ಅವನಿಗೆ ತಿಳಿಸಿದೆವು. ಐದನೆಯ ದಿನ ಅಕ್ಕನ ಕೈ ಹಿಡಿದು, ಚಪ್ಪಲಿಯನ್ನು ಕೈಯಲ್ಲಿ ಎತ್ತಿಕೊಂಡು, ಆ ನೀರಿನಲ್ಲಿಯೇ ಶಾಲೆಗೆ ಬಂದನು. ವರ್ಗದ ಕಿಟಕಿಯಲ್ಲಿ ತೊಯ್ದು ಕುಳಿತ ಪಾರಿವಾಳವನ್ನು ಬಹಳ ಹೊತ್ತು ನೋಡಿ, “ಸರ್, ಇದಕ್ಕ ತನ್ನ ಮುತ್ತಜ್ಜ ಯಾರಂತ ಗೊತ್ತೈತೇನ್ರಿ?” ಎಂದು ಕೇಳಿದನು.