ಚಂದ ಎದುರಲ್ಲಿ, ಕೆಲಸ ಒಳಗಲ್ಲಿ

ಕರಾವಳಿಯ ಸೆಕೆಯಲ್ಲಿ ಕೂತು ಉಲ್ಲನ್ ಸ್ವೆಟರ್ ಹೆಣೆಯುವುದನ್ನು ನೋಡಿದರೆ ಯಾರಿಗಾದರೂ ನಗು ಬಂದೀತು. ಆದರೆ ಮಡಿಕೇರಿಗೋ ಚಿಕ್ಕಮಗಳೂರಿಗೋ ಮಗಳನ್ನು ಕೊಟ್ಟ ಮನೆಯವರು ನಗುವುದಿಲ್ಲ. ಅಲ್ಲಿಯ ಮಳೆ, ಚಳಿ ಅವರಿಗೆ ಗೊತ್ತುಂಟು.

ನನ್ನ ತಂಗಿ ಇರುವುದು ಮಡಿಕೇರಿಯಲ್ಲಿ. ಅವಳ ಮೊದಲ ಮಗುವಿಗೆಂದು ಬಿಳಿಯ ಮೇಲೆ ನೀಲಿ ನಕ್ಷತ್ರದ ಸ್ವೆಟರ್ ಹೆಣೆದೆ. ಒಂದೇ ಬಣ್ಣದ್ದು ಎಷ್ಟೋ ಹೆಣೆದಿದ್ದೆ, ಎರಡು ಬಣ್ಣದ್ದು ಅದೇ ಮೊದಲು. ಹೊರಗಿಂದ ನೋಡಲು ಚಂದವೇ ಇತ್ತು. ಹಾಕಿಸಲು ಹೋದಾಗ ಎದೆಯ ಪಟ್ಟಿ ಹಿಗ್ಗಲೇ ಇಲ್ಲ. ತೋಳಿನೊಳಗಿನ ನೂಲಿಗೆ ಮಗುವಿನ ಬೆರಳು ಸಿಕ್ಕಿ ಅದು ಅಳಲು ಶುರು ಮಾಡಿತು. ತಂಗಿ ಏನೂ ಹೇಳಲಿಲ್ಲ, ಮಡಚಿ ಕಪಾಟಿನಲ್ಲಿಟ್ಟಳು. ಬೈದಿದ್ದರೇ ವಾಸಿ ಅನ್ನಿಸಿತು.

ಊರಿಗೆ ಬಂದು ನೆರೆಮನೆಯ ಮಾಮಿಗೆ ಅದರ ಫೋಟೋ ತೋರಿಸಿದೆ. ಹೆಣಿಗೆಯಲ್ಲಿ ಅವರದ್ದು ಪಳಗಿದ ಕೈ. "ಎದುರಿನ ಫೋಟೋ ಎಂತಕ್ಕೆ ಮಾರಾಯ್ತಿ? ತಿರುಗಿಸಿ ಒಳಗಿಂದು ತೆಗೆದು ಕಳಿಸ್ಲಿಕ್ಕೆ ಹೇಳು. ತಪ್ಪೆಲ್ಲ ಅಲ್ಲೇ ಇರುದು" ಅಂದರು.

ಅವರು ಹೇಳಿದ್ದು ಸರಿ. ಎರಡು ಬಣ್ಣದ ಹೆಣಿಗೆಯಲ್ಲಿ ಒಂದು ಸಾಲಿಗೆ ಎರಡು ನೂಲು ಓಡುತ್ತದೆ. ನೀಲಿಯಲ್ಲಿ ಹೆಣೆಯುವಾಗ ಬಿಳಿ ನೂಲು ಹಿಂದೆ ಅಡ್ಡಲಾಗಿ ಸಾಗುತ್ತದೆ, ಬಿಳಿಯಲ್ಲಿ ಹೆಣೆಯುವಾಗ ನೀಲಿ. ಹಿಂದೆ ಓಡುವ ಈ ನೂಲನ್ನು ಬಿಗಿಯಾಗಿ ಎಳೆದರೆ ಇಡೀ ಬಟ್ಟೆ ಸುಕ್ಕಾಗಿ ಹಿಗ್ಗುವುದೇ ಇಲ್ಲ. ತೀರಾ ಸಡಿಲ ಬಿಟ್ಟರೆ ಬೆರಳು ಸಿಕ್ಕುತ್ತದೆ. ನನ್ನದರಲ್ಲಿ ಎರಡೂ ಆಗಿತ್ತು.

ಮಾಮಿ ಕಲಿಸಿದ್ದು ನಾಲ್ಕು ಮಾತು. ಒಂದು, ಬಣ್ಣ ಬದಲಿಸುವ ಮೊದಲು ಬಲಗಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಅಗಲಕ್ಕೆ ಸರಿಸಿ, ಆಮೇಲೆ ಹೊಸ ನೂಲು ತನ್ನಿ. ಎರಡು, ಹಿಂದಿನ ನೂಲು ಐದು ಕುಣಿಕೆಗಿಂತ ಹೆಚ್ಚು ದೂರ ಓಡುವುದಾದರೆ ನಡುವೆ ಒಮ್ಮೆ ಇನ್ನೊಂದು ನೂಲಿಗೆ ಸುತ್ತಿ ಹಿಡಿಸಿ. ಮಗುವಿನದ್ದಾದರೆ ಮೂರಕ್ಕೇ ಹಿಡಿಸಿ. ಮೂರು, ನಕ್ಷತ್ರದ ಬಣ್ಣ ಯಾವಾಗಲೂ ಕೆಳಗಿನಿಂದ ಬರಲಿ, ಹಿನ್ನೆಲೆಯ ಬಣ್ಣ ಮೇಲಿನಿಂದ. ನಡುವೆ ಅದಲುಬದಲಾದರೆ ನಕ್ಷತ್ರ ಕೆಲವು ಸಾಲಿನಲ್ಲಿ ಎದ್ದು, ಕೆಲವು ಸಾಲಿನಲ್ಲಿ ಮಂಕಾಗಿ ಕಾಣುತ್ತದೆ. ನಾಲ್ಕು, ಎರಡು ಬಣ್ಣದ ಪಟ್ಟಿ ಸಾದಾ ಹೆಣಿಗೆಗಿಂತ ಬಿಗಿ ಬರುವುದು ಸಾಮಾನ್ಯ. ಹಾಗಾಗಿ ಅಂಗೈ ಅಗಲದ ತುಂಡೊಂದನ್ನು ಮೊದಲು ಹೆಣೆದು, ತೊಳೆದು, ಒಣಗಿಸಿ ಅಳೆಯಿರಿ. ಬಿಗಿ ಇದ್ದರೆ ಪಟ್ಟಿಯ ಮಟ್ಟಿಗೆ ಒಂದು ಸೈಜ್ ದಪ್ಪದ ಕಡ್ಡಿ ಹಿಡಿಯಿರಿ.

ಬಣ್ಣದ ಹೆಣಿಗೆ ಅಂದರೆ ಯುರೋಪಿನದ್ದು ಅಂತಲೇ ಬಹಳ ಮಂದಿ ತಿಳಿದಿದ್ದಾರೆ. ಸ್ಕಾಟ್ಲೆಂಡಿನ ಉತ್ತರದ ಕಡಲಿನಲ್ಲಿರುವ ಫೇರ್ ಐಲ್ ಎಂಬ ಪುಟ್ಟ ದ್ವೀಪದ ಹೆಸರೇ ಈ ಹೆಣಿಗೆಗೆ ಬಿದ್ದಿದೆ. 1920ರ ದಶಕದಲ್ಲಿ ಬ್ರಿಟನ್ನಿನ ಯುವರಾಜ ಆ ಸ್ವೆಟರ್ ಹಾಕಿದ ಮೇಲೆ ಅದು ಫ್ಯಾಷನ್ ಆಯಿತು. ಆದರೆ ಕತೆ ಅದಕ್ಕಿಂತ ಬಹಳ ಹಳೆಯದು. ಇವತ್ತು ಉಳಿದಿರುವ ಅತಿ ಹಳೆಯ ಬಣ್ಣದ ಹೆಣಿಗೆಗಳಲ್ಲಿ ಮುಸ್ಲಿಮ್ ಆಡಳಿತದ ಕಾಲದ ಈಜಿಪ್ಟಿನ ಕಾಲುಚೀಲಗಳೂ ಸೇರಿವೆ. ಹತ್ತಿ ನೂಲಿನವು, ನೀಲಿ ಮತ್ತು ಬಿಳಿ. ಕೆಲವದರಲ್ಲಿ ಅರಬಿ ಅಕ್ಷರದಂತಹ ಪಟ್ಟಿಗಳೂ ಇವೆ. ಸ್ಪೇನಿನ ಬುರ್ಗೋಸ್ ಊರಿನ ಲಾಸ್ ಹುಯೆಲ್ಗಾಸ್ ಮಠದಲ್ಲಿ 1275ರಲ್ಲಿ ತೀರಿಹೋದ ರಾಜಕುಮಾರ ಫರ್ನಾಂಡೊ ಡಿ ಲಾ ಸೆರ್ಡಾನ ಸಮಾಧಿಯಿದೆ. ಅದರಲ್ಲಿ ರೇಷ್ಮೆ ನೂಲಿನಿಂದ ಹೆಣೆದ ದಿಂಬಿನ ಗವಸು ಸಿಕ್ಕಿತು. ಕ್ರೈಸ್ತ ರಾಜಮನೆತನಕ್ಕೆ ಅದನ್ನು ಹೆಣೆದುಕೊಟ್ಟವರು ಮುಸ್ಲಿಮ್ ಕುಶಲಕರ್ಮಿಗಳು ಎನ್ನುತ್ತಾರೆ ತಿಳಿದವರು. ಅದರ ಅಂಚಿನಲ್ಲಿ ಕೂಫಿ ಲಿಪಿಯಲ್ಲಿ ಹೆಣೆದಿರುವ ಶಬ್ದ 'ಬರಕತ್'. ಹೆಣೆದವರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಇನ್ನು ಕೊನೆಯ ಕೆಲಸ. ಹೆಣೆದು ಮುಗಿಯಿತು ಅಂದರೆ ಸ್ವೆಟರ್ ಮುಗಿಯಿತು ಅಂತಲ್ಲ. ಬಣ್ಣ ಬದಲಿಸಿದ ಕಡೆ ನೇತಾಡುವ ನೂಲಿನ ತುದಿಗಳನ್ನು ಗಂಟು ಹಾಕಿ ಕತ್ತರಿಸಬೇಡಿ. ಗಂಟು ಚರ್ಮಕ್ಕೆ ಒತ್ತುತ್ತದೆ, ಒಂದು ದಿನ ಬಿಚ್ಚಿಯೂ ಹೋಗುತ್ತದೆ. ಮೂರ್ನಾಲ್ಕು ಇಂಚು ತುದಿ ಬಿಟ್ಟು, ಮೊಂಡು ಸೂಜಿಯಿಂದ ಅದೇ ಬಣ್ಣದ ಕುಣಿಕೆಗಳ ಹಿಂದೆ ಒಂದು ದಿಕ್ಕಿಗೆ ಹಾಯಿಸಿ, ಮತ್ತೆ ಹಿಂದಿರುಗಿಸಿ. ಪಕ್ಕದ ಹೊಲಿಗೆ ಹಾಕುವಾಗ ಎರಡೂ ತುಂಡನ್ನು ಎದುರು ಮೇಲಾಗಿ ಪಕ್ಕಪಕ್ಕ ಇಟ್ಟು, ಅಂಚಿನ ಕುಣಿಕೆಯ ಪಕ್ಕದ ಅಡ್ಡ ನೂಲನ್ನು ಆಚೆಯಿಂದೊಂದು ಈಚೆಯಿಂದೊಂದು ಎತ್ತುತ್ತಾ ಹೋಗಿ. ಮೆಲ್ಲ ಎಳೆದರೆ ಹೊಲಿಗೆ ಕಾಣುವುದೇ ಇಲ್ಲ, ನಕ್ಷತ್ರವೂ ಸರಿಯಾಗಿ ಕೂಡುತ್ತದೆ.

ಆಮೇಲೆ ನೀರು. ಮೊದಲ ತುಂಡನ್ನು ತೊಳೆಯುವಾಗಲೇ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದಾ ನೋಡಿಕೊಂಡಿರಬೇಕು. ಸ್ವೆಟರನ್ನು ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಹಿಂಡಬೇಡಿ. ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಅಳತೆಗೆ ಸರಿಯಾಗಿ ಹರಡಿ. ಹಗ್ಗಕ್ಕೆ ನೇತುಹಾಕಿದರೆ ಜೋಲು ಬಿದ್ದು ಉದ್ದವಾಗುತ್ತದೆ. ನಮ್ಮ ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಎರಡು ದಿನ ಬೇಕಾದರೂ ಬೇಕು. ಅಸಲಿ ಉಣ್ಣೆಯಾದರೆ ಸಣ್ಣಪುಟ್ಟ ಏರುತಗ್ಗು ಇದರಲ್ಲೇ ಸರಿಹೋಗುತ್ತದೆ. ಅಕ್ರಿಲಿಕ್ ನೂಲಿಗೆ ಅಷ್ಟು ಗುಣವಿಲ್ಲ. ಹಾಗೆಂದು ಬಿಸಿ ಇಸ್ತ್ರಿ ಒತ್ತಿದಿರೋ, ನೂಲು ಚಪ್ಪಟೆಯಾಗಿ ಜೀವ ಕಳೆದುಕೊಳ್ಳುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಮನೆಯಲ್ಲೇ ಹೆಣೆದು ನಾಲ್ಕು ಕಾಸು ಮಾಡಿಕೊಳ್ಳುವ ಹೆಂಗಸರು ಇದನ್ನು ಮುಖ್ಯವಾಗಿ ಗಮನಿಸಬೇಕು. ತಿಳಿದ ಗಿರಾಕಿ ಸ್ವೆಟರ್ ತಿರುಗಿಸಿ ನೋಡುತ್ತಾರೆ. ಒಳಬದಿ ಅಚ್ಚುಕಟ್ಟಾಗಿದ್ದರೆ ನಿಮ್ಮ ಕೂಲಿಯನ್ನು ನೀವು ಧೈರ್ಯದಿಂದ ಕೇಳಬಹುದು. ಹೇಳುವಾಗ ಕೊನೆಯ ಈ ಎರಡು ಮೂರು ದಿನದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಿರಿ. ನಾವೇ ಲೆಕ್ಕ ಹಿಡಿಯದಿದ್ದರೆ ಬೇರೆ ಯಾರೂ ಹಿಡಿಯುವುದಿಲ್ಲ.

ಈ ಮಳೆಗಾಲಕ್ಕೆ ಇನ್ನೊಂದು ಹೆಣೆದು ಕಳಿಸಿದೆ. ಎದೆಯ ಪಟ್ಟಿಯನ್ನು ಎರಡು ಸಲ ಬಿಚ್ಚಿ ಹೆಣೆದದ್ದು ತಂಗಿಗೆ ಗೊತ್ತಿಲ್ಲ. ಮೊನ್ನೆ ಅವಳ ಫೋನ್ ಬಂತು. "ಕೈ ಸೀದಾ ಹೋಯ್ತು, ಎಲ್ಲಿಯೂ ಸಿಕ್ಕಲಿಲ್ಲ. ಈಗ ತೆಗೀಲಿಕ್ಕೇ ಬಿಡುದಿಲ್ಲ ಇವ" ಅಂದಳು. ಮಾಮಿಗೆ ಹೋಗಿ ಹೇಳಿದೆ. ಕನ್ನಡಕ ಏರಿಸಿ ಅವರು ಕೇಳಿದ್ದು ಒಂದೇ ಮಾತು: "ಒಳಗಿನ ಫೋಟೋ ಉಂಟಾ?"